ಗ್ಯಾರೇಜಿನ ಬಾಗಿಲಿಗೆ ನಾನು ಹಾಕಿದ ಕಟ್ಟು

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಹೆಂಡತಿ ರೆಪ್ಪೆ ಮಿಟುಕಿಸದೆ ನನ್ನ ಕಡೆ ಬೆರಳು ತೋರಿಸುತ್ತಾಳೆ. ಇಷ್ಟು ವರ್ಷ ನಾನೂ ಅದನ್ನು ಒಪ್ಪಿಕೊಂಡೇ ಸಂಸಾರ ಮಾಡಿಕೊಂಡು ಬಂದಿದ್ದೆ. ಆದರೆ ಈ ಸಲ ಗಾಳಿಯ ಕಾಲ ಶುರುವಾಗುವ ಹೊತ್ತಿಗೆ ಟೀವಿಯಲ್ಲಿ ದಪ್ಪ ಕನ್ನಡಕದ ತಜ್ಞರೊಬ್ಬರು ಬಂದು ಕೂತು, ‘ಚಂಡಮಾರುತದ ಎದುರು ಮನೆಯ ಅತ್ಯಂತ ದುರ್ಬಲ ಭಾಗ ಯಾವುದು ಗೊತ್ತೆ? ಗ್ಯಾರೇಜಿನ ಬಾಗಿಲು’ ಎಂದುಬಿಟ್ಟರು. ನನಗಿಂತ ಕೆಳಗಿನ ಸ್ಥಾನದಲ್ಲಿ ಒಂದು ವಸ್ತು ಇದೇ ಮನೆಯಲ್ಲಿತ್ತು, ಯಾರೂ ನನಗೆ ಹೇಳಿರಲಿಲ್ಲ. ನಾನು ಸೋಫಾದಲ್ಲಿ ಸ್ವಲ್ಪ ನೆಟ್ಟಗೆ ಕೂತೆ.

ಆ ಸಂತೋಷ ಮುಂದಿನ ವಾಕ್ಯದವರೆಗೂ ಬಾಳಲಿಲ್ಲ. ಗ್ಯಾರೇಜಿನ ಬಾಗಿಲು ಅಗಲವಾಗಿರುತ್ತದೆ, ತೆಳು ತಗಡಿನದಾಗಿರುತ್ತದೆ, ಗಾಳಿ ಅದನ್ನು ಒಳಕ್ಕೆ ಒತ್ತಿ ಮುರಿಯುತ್ತದೆ ಎಂದರು ತಜ್ಞರು. ಒಳಗೆ ನುಗ್ಗಿದ ಗಾಳಿಗೆ ಹೊರಗೆ ಹೋಗಲು ದಾರಿ ಸಿಗುವುದಿಲ್ಲ. ಆಗ ಅದು ಕೆಳಗಿನಿಂದ ಸೂರನ್ನೇ ಎತ್ತಿ ಒಗೆಯುತ್ತದೆ. ನಾನು ದಂಗಾಗಿ ಹೋದೆ. ಸೂರು ಹಾರುವುದೆಂದರೆ ಗಾಳಿ ಮೇಲಿನಿಂದ ಬಂದು ಕಿತ್ತುಕೊಂಡು ಹೋಗುವುದು ಅಂತಲೇ ನಾನು ತಿಳಿದಿದ್ದೆ. ಅದು ಬಾಗಿಲಿನಿಂದ ಒಳಗೆ ಬಂದು, ಮನೆಯವರ ಹಾಗೆ ಅಡ್ಡಾಡಿ, ಆಮೇಲೆ ನಮ್ಮ ತಲೆಯ ಮೇಲಿನದಕ್ಕೆ ಕೈ ಹಾಕುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

‘ಕೇಳಿಸ್ಕೊಂಡ್ಯಾ?’ ಎಂದೆ ಹೆಂಡತಿಗೆ.

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಂಡು ಒಳಗೆ ಕಳಿಸುವವಳು. ಕೆನ್ನೆ ಊದಿಸಿಕೊಂಡು ಬಂದವರಿಗೂ ‘ಕೂತ್ಕೊಳ್ಳಿ, ಕರೀತೀನಿ’ ಅನ್ನುವ ತಣ್ಣನೆಯ ದನಿ ಅವಳದು. ಅದೇ ದನಿಯಲ್ಲಿ, ‘ಕೇಳಿಸ್ತು. ಈ ಸಲ ಗಾಳಿ ಬಂದ್ರೆ ನನ್ನ ತಮ್ಮನ ಮನೆಗೆ ಹೋಗಿಬಿಡೋಣ’ ಎಂದಳು.

ಸೂರು ಹಾರುವ ಸುದ್ದಿಯನ್ನಾದರೂ ತಡೆದುಕೊಂಡಿದ್ದೆ. ಇದಕ್ಕೆ ನನ್ನ ಎದೆ ಧಸಕ್ಕೆಂದಿತು.

ನನ್ನ ಭಾವಮೈದುನನ ಬಗ್ಗೆ ನಿಮಗೆ ಹೇಳಲೇಬೇಕು. ಅವನಿಗೆ ನಾನು ಮನಸ್ಸಿನಲ್ಲಿ ಇಟ್ಟಿರುವ ಹೆಸರು ಸಲಹಾ ಮಂಡಳಿ. (ಮನಸ್ಸಿನಲ್ಲಿ ಮಾತ್ರ. ಬಾಯಿಗೆ ಬಂದರೆ ನಾನು ಊಟಕ್ಕೆ ಬೇರೆ ವ್ಯವಸ್ಥೆ ನೋಡಿಕೊಳ್ಳಬೇಕು.) ಇರುವುದು ಒಬ್ಬನೇ ಆದರೂ ಮಂಡಳಿಯೇ, ಯಾವ ವಿಷಯಕ್ಕಾದರೂ ಅವನಲ್ಲಿ ಒಂದು ಅಧ್ಯಕ್ಷರ ಭಾಷಣ, ನಾಲ್ಕಾರು ಸದಸ್ಯರ ಅಭಿಪ್ರಾಯ, ಕೊನೆಗೊಂದು ನಿರ್ಣಯ ಸಿದ್ಧವಾಗಿರುತ್ತದೆ. ಕೆಲಸ ಹಾಸಿಗೆ ಕಂಪನಿಯಲ್ಲಿ, ಹಾಸಿಗೆ ಮಾರುವುದು. ಮದುವೆಯಾಗಿಲ್ಲ. ನಮ್ಮತ್ತೆ ಅವನ ಜೊತೆಯಲ್ಲೇ ಇದ್ದಾರೆ. ಕಳೆದ ಸಲ ಬಿರುಗಾಳಿ ಬಂದಾಗ ಅವನ ಮನೆಯಲ್ಲಿ ಉಳಿದುಕೊಂಡಿದ್ದೆವು. ಹಲ್ಲುಜ್ಜುವಾಗ ಬ್ರಷ್ಷು ಯಾವ ಕೋನದಲ್ಲಿರಬೇಕು, ಪೇಪರ್ ಓದುವಾಗ ಕತ್ತು ಎಲ್ಲಿರಬೇಕು, ಸುಮ್ಮನೆ ಕೂತಾಗ ಮಂಡಿ ಹೇಗಿರಬೇಕು, ಎಲ್ಲವನ್ನೂ ನನಗೆ ಕಲಿಸಿದ. ರಾತ್ರಿ ನಾನು ಸೊಗಸಾಗಿ ನಿದ್ದೆ ಮಾಡುತ್ತಿದ್ದಾಗ ಭುಜ ಅಲ್ಲಾಡಿಸಿ ಎಬ್ಬಿಸಿ, ‘ಭಾವ, ನೀವು ತಪ್ಪಾಗಿ ಮಲಗಿದ್ದೀರಿ’ ಎಂದ. ಸ್ವಾಮಿ, ಆ ಮನುಷ್ಯನ ಜೊತೆ ಒಂದೇ ಸೂರಿನಡಿ ಇನ್ನೊಂದು ದಿನ ಇರುವುದಕ್ಕಿಂತ ಸೂರೇ ಇಲ್ಲದೆ ಇರುವುದು ನನಗೆ ವಾಸಿ ಅನಿಸಿತ್ತು.

‘ತಮ್ಮನ ಮನೆಗೆ ಯಾಕೆ? ನಮ್ಮ ಬಾಗಿಲನ್ನೇ ಭದ್ರ ಮಾಡ್ತೀನಿ’ ಎಂದೆ.

‘ಯಾರು?’

‘ನಾನೇ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕಂತುಗಳಲ್ಲಿ ಹಲ್ಲು ಕಟ್ಟಿಸಿಕೊಳ್ಳುತ್ತೇನೆ ಅಂದವರನ್ನು ನೋಡುವುದೂ ಹೀಗೇ ಇರಬೇಕು. ‘ಆಯ್ತು. ಬಾಗಿಲು ಭದ್ರ ಅಂತ ನನಗನ್ನಿಸಿದ್ರೆ ಇಲ್ಲೇ ಇರೋಣ. ಇಲ್ಲಾಂದ್ರೆ ಬ್ಯಾಗು ಎತ್ತಿಕೊಂಡು ತಮ್ಮನ ಮನೆಗೆ. ಆಮೇಲೆ ತಕರಾರು ಮಾಡಬಾರದು.’

ಹಾಗೆ ನಾನು ಪ್ರಕೃತಿಯ ಮಹಾಶಕ್ತಿಯ ವಿರುದ್ಧ ಸಮರ ಸಾರಿದೆ. ಒಳಗಿನ ಗುಟ್ಟು ಹೇಳಬೇಕೆಂದರೆ, ಪ್ರಕೃತಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ.

ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಊರಿಗೆ ಊರೇ ಅದೇ ಕಾರ್ಯಕ್ರಮ ನೋಡಿತ್ತು ಅಂತ ಕಾಣುತ್ತದೆ. ಗ್ಯಾರೇಜಿನ ಬಾಗಿಲಿಗೆ ಹಾಕುವ ಕಬ್ಬಿಣದ ಆಸರೆಗಳೆಲ್ಲ ಖಾಲಿ. ಅಂಗಡಿಯವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ, ‘ಮರದ ಕಂಬ ನಿಲ್ಲಿಸಿ ಸಾರ್. ಬಾಗಿಲಿನ ಒಳಮಗ್ಗುಲಿಗೆ. ಮೇಲೆ ತೊಲೆಗೆ ಬಿಗೀರಿ, ಕೆಳಗೆ ನೆಲಕ್ಕೆ ತೂತು ಕೊರೆದು ಬೋಲ್ಟು ಹಾಕಿ. ಅಷ್ಟೇ’ ಎಂದರು. ಎಷ್ಟು ಸುಲಭ ಅಂದುಕೊಂಡು, ಬಾಡಿಗೆಗೆ ಡ್ರಿಲ್ಲು ತಗೊಂಡು ಮನೆಗೆ ಬಂದೆ.

ಗ್ಯಾರೇಜಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಡ್ರಿಲ್ಲನ್ನು ನೋಡಿದಳು. ನೆಲವನ್ನು ನೋಡಿದಳು.

ನಾನು ಮರೆತೇಬಿಟ್ಟಿದ್ದೆ. ನಮ್ಮ ಗ್ಯಾರೇಜಿನ ನೆಲಕ್ಕೆ ಅವಳು ಹೋದ ವರ್ಷ ಬಿಳಿ ಟೈಲ್ಸ್ ಹಾಕಿಸಿದ್ದಾಳೆ. ಡಾಕ್ಟರ ಕ್ಲಿನಿಕ್ಕಿಗೆ ಹಾಕಿ ಉಳಿದ ಟೈಲ್ಸ್, ಬಹಳ ಒಳ್ಳೆಯ ಜಾತಿಯವು. ಅವು ಬಂದಾಗಿನಿಂದ ಕಾರು ಒಳಗೆ ಬರಬೇಕಾದರೆ ನಾನು ಹೊರಗೇ ಇಳಿದು ಅದರ ಟೈರು ಒರೆಸಬೇಕು. (ನನ್ನ ಚಪ್ಪಲಿ ಬಗ್ಗೆ ನೀವು ಕೇಳಬೇಡಿ.)

‘ಆ ಟೈಲ್ಸ್‌ಗೆ ಒಂದು ತೂತು ಬಿತ್ತು ಅಂದ್ರೆ, ಗಾಳಿ ಬರೋವರೆಗೂ ಕಾಯಲ್ಲ, ಬಾಗಿಲು ನಾನೇ ಕಿತ್ತು ಹಾಕ್ತೀನಿ’ ಎಂದಳು.

‘ಟೈಲ್ಸ್ ಮುಖ್ಯಾನೋ, ಸೂರು ಮುಖ್ಯಾನೋ?’

‘ಸೂರು ನೀವು ಹಾಕಿಸಿದ್ದು. ಟೈಲ್ಸ್ ನಾನು ಹಾಕಿಸಿದ್ದು.’

ಡ್ರಿಲ್ಲು ವಾಪಸ್ ಹೋಯಿತು. ಆದರೆ ನಾನು ಸೋಲೊಪ್ಪುವ ಹಾಗಿರಲಿಲ್ಲ, ಕಣ್ಣ ಮುಂದೆ ಮಂಡಳಿ ಕುಣಿಯುತ್ತಿತ್ತು. ಯೋಚಿಸಿದೆ. ನೆಲಕ್ಕೆ ಬಿಗಿಯಲು ಆಗದಿದ್ದರೆ ಎದುರಿನ ಗೋಡೆಗೆ ಒರಗಿಸಬಹುದಲ್ಲ? ನಮ್ಮ ಗ್ಯಾರೇಜು ಚಿಕ್ಕದು. ಕಾರು ನಿಂತರೆ ಮನುಷ್ಯ ಹೊಟ್ಟೆ ಎಳೆದುಕೊಂಡು ಓಡಾಡಬೇಕು. ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ, ಉದ್ದಪಟ್ಟಿ ಹೊಡೆದು, ಅಲ್ಲಿಂದ ಎದುರಿನ ಗೋಡೆಯವರೆಗೆ ಉದ್ದನೆಯ ಮೂರು ತೊಲೆ ಕೊಟ್ಟರೆ ಬಾಗಿಲು ಒಳಕ್ಕೆ ಬಗ್ಗಬೇಕೆಂದರೂ ಬಗ್ಗಲಾರದು. ಗಾಳಿ ಬಾಗಿಲನ್ನು ತಳ್ಳಿದರೆ ಮನೆಯನ್ನೇ ತಳ್ಳಿದಂತೆ. ನನ್ನ ಬುದ್ಧಿಗೆ ನಾನೇ ಬೆರಗಾದೆ.

ಇಲ್ಲಿ ನನ್ನ ಕಸುಬಿನ ವಿಷಯ ಬರುತ್ತದೆ. ನಾನು ಫೋಟೋಗಳಿಗೆ ಕಟ್ಟು ಹಾಕುವವನು. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಸಣ್ಣ ಅಂಗಡಿ. ನಾನು ಹಾಕಿದ ಕಟ್ಟು ಕೂದಲೆಳೆಯಷ್ಟೂ ವಾಲುವುದಿಲ್ಲ. ಅದೊಂದು ಹೆಮ್ಮೆ, ಅದೇ ಒಂದು ಕಾಯಿಲೆ ಕೂಡ. ಯಾರದೇ ಮನೆಗೆ ಹೋಗಲಿ, ಗೋಡೆಯ ಮೇಲೆ ಒಂದು ಫೋಟೋ ಸೊಟ್ಟಗಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಒಮ್ಮೆ ಡಾಕ್ಟರು ನನ್ನ ಎದೆಗೆ ಸ್ಟೆತಾಸ್ಕೋಪು ಇಟ್ಟು ‘ಉಸಿರೆಳೀರಿ’ ಅನ್ನುತ್ತಿದ್ದಾಗಲೇ ಎದ್ದು ಹೋಗಿ ಅವರ ಹಿಂದಿನ ಸರ್ಟಿಫಿಕೇಟನ್ನು ನೆಟ್ಟಗೆ ಮಾಡಿ ಬಂದು ಕೂತಿದ್ದೇನೆ.

ಅಂಥವನ ಕೈಗೆ ಅಷ್ಟು ಅಗಲದ ಬಾಗಿಲು ಸಿಕ್ಕರೆ ಹೇಗಿರಬೇಡ? ಹಳೆಯ ಮರದ ಅಂಗಡಿಯಿಂದ ತೊಲೆ ತರಿಸಿದೆ. ಪಟ್ಟಿಗಳ ಮೂಲೆಗಳನ್ನು ಫ್ರೇಮಿನ ಹಾಗೇ ಓರೆಯಾಗಿ ಕೊಯ್ದು ಜೋಡಿಸಿದೆ. ಮರಳುಕಾಗದದಲ್ಲಿ ತಿಕ್ಕಿದೆ. ಕೊನೆಗೆ ಪಾಲಿಶ್ ಹಚ್ಚುತ್ತಿದ್ದಾಗ ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಅಡುಗೆಮನೆಗೂ ಗ್ಯಾರೇಜಿಗೂ ನಡುವೆ ಒಂದು ಬಾಗಿಲಿದೆ, ಅದು ಗ್ಯಾರೇಜಿನ ಕಡೆಗೆ ತೆರೆದುಕೊಳ್ಳುತ್ತದೆ. ಅಡುಗೆಮನೆ ಕಡೆಗೆ ತೆರೆದರೆ ಅವಳ ಫ್ರಿಜ್ಜಿಗೆ ತಾಗುತ್ತದೆ.

‘ರೀ, ಇದು ಬಾಗಿಲಿಗೆ ಆಸರೆಯೋ, ಫೋಟೋ ಕಟ್ಟೋ?’

‘ಕಟ್ಟು ಸರಿಯಾಗಿದ್ರೆ ಒಳಗಿರೋದು ತಾನಾಗೇ ನಿಲ್ಲತ್ತೆ.’

‘ಗಾಳಿ ಪಾಲಿಶ್ ನೋಡಿ ವಾಪಸ್ ಹೋಗತ್ತಾ?’

‘ನಿನ್ನ ಡಾಕ್ಟರು ಹಲ್ಲು ಕೀಳೋ ಮುಂಚೆ ಕೈ ತೊಳೆಯಲ್ವಾ? ಹಾಗೇ ಇದು.’

ಈ ಉತ್ತರಕ್ಕೆ ಏನು ಅರ್ಥ ಅಂತ ನನಗೂ ಗೊತ್ತಿರಲಿಲ್ಲ, ಆದರೆ ಅವಳು ಒಳಗೆ ಹೋದಳು. ಕಾರು ಮಾತ್ರ ಹೊರಗೆ ಹೋಗಬೇಕಾಯಿತು. ತೊಲೆಗಳಿಗೆ ಜಾಗ ಬೇಕಲ್ಲ. ಕಾರನ್ನು ಕಾಪಾಡಲೆಂದು ಕಟ್ಟಿಸಿದ ಗ್ಯಾರೇಜು, ಗ್ಯಾರೇಜನ್ನು ಕಾಪಾಡಲೆಂದು ಕಾರು ಬೀದಿಯಲ್ಲಿ. ದೊಡ್ಡ ಕೆಲಸಗಳಲ್ಲಿ ಇಂಥದ್ದೆಲ್ಲ ಇದ್ದದ್ದೇ ಅಂತ ಸಮಾಧಾನ ಮಾಡಿಕೊಂಡೆ.

ಎಡದ ತೊಲೆ ಕೂತಿತು. ಬಲದ್ದೂ ಕೂತಿತು. ನಡುವಿನದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಚಿತ್ರಕ್ಕೆ ಮೊಳೆ ಹೊಡೆಯುವಾಗಲೂ ನಾನು ನಡುವಿನದನ್ನು ಕೊನೆಗೇ ಹೊಡೆಯುವುದು.

ಅಷ್ಟರಲ್ಲಿ ಚಂಡಮಾರುತ ಬಂದೇ ಬಿಟ್ಟಿತು. ಬೆಳಿಗ್ಗೆಯೇ ಎಚ್ಚರಿಕೆ ಕೊಟ್ಟರು, ಮಧ್ಯಾಹ್ನದ ಮೇಲೆ ಯಾರೂ ಹೊರಗೆ ಬರಬೇಡಿ ಅಂತ. ಆಕಾಶ ಹಳೆಯ ತಪ್ಪಲೆಯ ತಳದ ಬಣ್ಣಕ್ಕೆ ತಿರುಗಿತ್ತು. ಊಟ ಮುಗಿಸಿ ನಾನು ನಡುವಿನ ತೊಲೆಗೆ ಬೆಣೆ ಕೆತ್ತುತ್ತಿದ್ದೆ. ಹೊರಗೆ ಕಾರು ನಿಂತ ಸದ್ದಾಯಿತು, ಆಮೇಲೆ ಒಳಗೆ ಆ ದನಿ ಕೇಳಿಸಿತು. ನನ್ನ ಕೈಯ ಸುತ್ತಿಗೆ ಹಾಗೇ ನಿಂತಿತು.

‘ಅಕ್ಕ, ಹೊರಡಿ ಬೇಗ. ಅಮ್ಮನ್ನೂ ಕರ್ಕೊಂಡು ಬಂದಿದ್ದೀನಿ, ಒಬ್ಬರೇ ಬಿಟ್ಟು ಬರೋಕಾಗಲಿಲ್ಲ. ಭಾವ ಎಲ್ಲಿ?’

ಕರೆಯದೇ ಬಂದಿದ್ದ. ಅಡುಗೆಮನೆ ಬಾಗಿಲಿನಿಂದ ಗ್ಯಾರೇಜಿಗೆ ಬಂದು, ಬಾಗಿಲನ್ನು ಹಿಂದೆ ತಳ್ಳಿ ಮುಚ್ಚಿ, ಸೊಂಟದ ಮೇಲೆ ಕೈಯಿಟ್ಟು ನಿಂತ. ನನ್ನ ಕೆಲಸವನ್ನು ಸುತ್ತಲೂ ನೋಡಿದ. ಬಗ್ಗಿ ತಗಡಿಗೆ ಬೆರಳಿನಿಂದ ಟಕ್ಕೆಂದು ಬಡಿದ.

‘ಭಾವ, ಬೇಜಾರು ಮಾಡ್ಕೋಬೇಡಿ. ಇದು ಬಿಸ್ಕತ್ತಿನ ಡಬ್ಬದ ಮುಚ್ಚಳ. ಇದಕ್ಕೆ ನೀವು ಮರದ ಒಡವೆ ಹಾಕಿದ್ದೀರಿ.’

‘ಹಾಗಾದ್ರೆ ನಿನ್ನ ಗ್ಯಾರೇಜಿನ ಬಾಗಿಲಿಗೆ ಏನು ಆಸರೆ ಕೊಟ್ಟಿದ್ದೀಯ?’

‘ನಮ್ಮ ಬಾಗಿಲಿಗೆ ಆಸರೆ ಯಾಕೆ? ಎರಡು ಪದರ, ನಡುವೆ ಗಾಜು, ಹೊರದೇಶದಿಂದ ತರಿಸಿದ್ದು. ಲಾರಿ ಗುದ್ದಿದ್ರೂ ಅಲ್ಲಾಡಲ್ಲ. ನಡೀರಿ, ಅಕ್ಕ ಬ್ಯಾಗು ಹಾಕ್ಕೊಂಡಾಯ್ತು.’

ಹೆಂಡತಿ ಬ್ಯಾಗು ಹಾಕಿಕೊಂಡಾಯ್ತು. ನನ್ನ ಬಾಗಿಲು ಪರೀಕ್ಷೆಗೆ ಕೂರುವ ಮುಂಚೆಯೇ ಫೇಲು. ನನಗೆ ಮೈಯೆಲ್ಲ ಉರಿಯಿತು. ‘ಒಂದು ತೊಲೆ ಬಾಕಿ ಇದೆ. ಅದನ್ನ ನೋಡಿ ಆಮೇಲೆ ಮಾತಾಡು’ ಎಂದೆ.

ದಾರ ಕಟ್ಟಿದೆ. ಬಾಗಿಲಿನ ನಟ್ಟನಡುವೆ ಗುರುತು ಹಾಕಿದೆ. ದಾರದ ನೇರಕ್ಕೆ ತೊಲೆಯನ್ನು ಎತ್ತಿ ಇಟ್ಟು, ಹಿಂದಿನ ತುದಿಯನ್ನು ಎದುರಿಗೆ ಆನಿಸಿ, ಸಂದಿಗೆ ಬೆಣೆಯಿಟ್ಟು ಸುತ್ತಿಗೆಯಿಂದ ಹೊಡೆದೆ. ಮಂಡಳಿ ಹೇಗೆ ಹೊಡೆಯಬೇಕೆಂದು ಹೇಳುತ್ತಲೇ ಇದ್ದ. ನಾನು ನನಗೆ ಬಂದ ಹಾಗೇ ಹೊಡೆದೆ. ತೊಲೆ ಬಿಗಿದು ಕಲ್ಲಾಯಿತು. ಮೇಲೆ ರಸಮಟ್ಟ ಇಟ್ಟೆ. ಗುಳ್ಳೆ ಸರಿಯಾಗಿ ಎರಡು ಗೆರೆಯ ನಡುವೆ ಬಂದು ಕೂತಿತು. ಎಡಕ್ಕೊಂದು ತೊಲೆ, ಬಲಕ್ಕೊಂದು ತೊಲೆ, ನಟ್ಟನಡುವೆ ಒಂದು. ಅಂಥ ಸಮತೋಲನ ನಾನು ಜೀವಮಾನದಲ್ಲಿ ಮಾಡಿಲ್ಲ. ಸಲಹಾ ಮಂಡಳಿಯ ಬಾಯಿಯೂ ಒಂದು ಕ್ಷಣ ಮುಚ್ಚಿತು.

ಆಗ ಅಡುಗೆಮನೆ ಬಾಗಿಲು ಬಡಿದ ಸದ್ದಾಯಿತು.

‘ರೀ, ಬಾಗಿಲು ಯಾಕೆ ಹಾಕ್ಕೊಂಡಿದ್ದೀರಿ? ಇಬ್ರೂ ಬನ್ನಿ, ಗಾಳಿ ಶುರುವಾಗ್ತಿದೆ.’

ನಾನು ತಿರುಗಿ ನೋಡಿದೆ. ನೋಡಿ, ಗರಬಡಿದವನ ಹಾಗೆ ನಿಂತೆ.

ಗ್ಯಾರೇಜಿನ ನಟ್ಟನಡುವಿಗೆ ಎದುರಾಗಿ ಇರುವುದು ಗೋಡೆಯಲ್ಲ, ಅಡುಗೆಮನೆಯ ಬಾಗಿಲು. ನನ್ನ ನಡುವಿನ ತೊಲೆಯ ತುದಿ ಅದರ ಎದೆಯ ಮೇಲೆ ಕೂತಿತ್ತು. ಆ ಬಾಗಿಲು ತೆರೆಯಬೇಕಾದರೆ ನಮ್ಮ ಕಡೆಗೇ ತೆರೆಯಬೇಕು, ತೊಲೆ ಇರುವವರೆಗೂ ತೆರೆಯಲು ಬರುವುದಿಲ್ಲ. ಒಂದು ಮೊಳ ಪಕ್ಕಕ್ಕೆ ಸರಿಸಿದ್ದರೆ ಗೋಡೆ ಸಿಗುತ್ತಿತ್ತು. ದಿನಾ ಅದೇ ಬಾಗಿಲಿನಿಂದ ಒಳಗೆ ಹೊರಗೆ ಓಡಾಡಿದವನು ನಾನು. ಆದರೆ ಕಟ್ಟು ಹಾಕಲು ಕೂತಾಗ ನನಗೆ ಅಂಚು, ನಡು, ಗುಳ್ಳೆ, ಇಷ್ಟೇ ಕಾಣುವುದು. ಒಳಗಿನ ಚಿತ್ರ ಗಂಡಸಿನದೋ ಹೆಂಗಸಿನದೋ ಅಂತ ಕೇಳಿದರೂ ಹೇಳಲಾರೆ.

‘ಭಾವ, ನಾವು ಹೊರಗೆ ಹೋಗೋದು ಹೇಗೆ?’ ಎಂದ ಮಂಡಳಿ.

ನಾನು ಮೇಲಿನ ಗವಾಕ್ಷಿ ನೋಡಿದೆ. ಬೆಕ್ಕಾಗಿದ್ದರೆ ಹೋಗಬಹುದಿತ್ತು.

ಸುತ್ತಿಗೆ ತಗೊಂಡು ಬೆಣೆಗೆ ತಿರುಗಿ ಹೊಡೆಯಲು ಕೈ ಎತ್ತಿದೆ. ಸರಿಯಾಗಿ ಅದೇ ಹೊತ್ತಿಗೆ ಹೊರಗಿನಿಂದ ಮೊದಲ ಹೊಡೆತ ಬಂತು. ತಗಡು ಧಡ್ ಎಂದು ಒಳಕ್ಕೆ ಉಬ್ಬಿತು. ಮೂರೂ ತೊಲೆಗಳು ನರಳಿದವು. ಬೆಣೆ ನನ್ನ ಕಣ್ಣೆದುರೇ ಇನ್ನಷ್ಟು ಒಳಗೆ ಕಚ್ಚಿಕೊಂಡಿತು. ಈಗ ಅದನ್ನು ಬಿಡಿಸಿದರೆ ಬಾಗಿಲು ನಮ್ಮ ಮೈಮೇಲೆ. ಬಾಗಿಲು ಬಂದರೆ ಹಿಂದೆಯೇ ಗಾಳಿ. ಗಾಳಿ ಬಂದರೆ ಹೆಂಡತಿಯ ತಲೆಯ ಮೇಲಿನ ಸೂರು. ಸುತ್ತಿಗೆ ಕೆಳಗಿಟ್ಟೆ.

ಬೀಗದ ಕಂಡಿಗೆ ಬಾಯಿಟ್ಟು, ‘ನೋಡು, ನಾವು ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ’ ಎಂದೆ.

‘ಯಾಕೆ?’

‘ತೊಲೆ ನಿಮ್ಮ ಬಾಗಿಲಿಗೆ ಕೂತಿದೆ.’

ಆ ಕಡೆಯಿಂದ ಆ ತಣ್ಣನೆಯ ದನಿ. ‘ನಡುವೆ ಕೂರಿಸಿದ್ರಾ?’

‘ಹೂಂ.’

‘ನನಗೆ ಗೊತ್ತಿತ್ತು’ ಎಂದಳು.

ಅಲ್ಲಿಂದಾಚೆಗೆ ಗಾಳಿ ನಮಗೆ ಮಾತಾಡಲು ಬಿಡಲಿಲ್ಲ. ಅಂಥ ಸದ್ದನ್ನು ನಾನು ಕೇಳಿಲ್ಲ, ಇನ್ನು ಕೇಳುವುದೂ ಬೇಡ. ಹೊರಗೆ ಏನೇನೋ ಮುರಿಯುತ್ತಿತ್ತು, ಏನೇನೋ ಉರುಳಿಕೊಂಡು ಹೋಗುತ್ತಿತ್ತು. ತಗಡು ಉಸಿರಾಡುವ ಹೊಟ್ಟೆಯ ಹಾಗೆ ಒಳಗೆ ಬಂದು ಹೊರಗೆ ಹೋಗುತ್ತಿತ್ತು. ಪ್ರತಿ ಸಲವೂ ನಡುವಿನ ತೊಲೆ ಅಡುಗೆಮನೆ ಬಾಗಿಲನ್ನು ಒತ್ತಿದಾಗ ಅದರ ಹಲಗೆ ಕಿರ್ರೆನ್ನುತ್ತಿತ್ತು. ಅದು ಸೀಳಿದರೆ ಎಲ್ಲವೂ ಮುಗಿಯಿತು ಅಂತ ನನಗೆ ಅರ್ಥವಾಯಿತು. ಎಷ್ಟು ಚಂದದ ಕಟ್ಟು ಹಾಕಿ, ಕೊನೆಗೆ ಎಲ್ಲ ಭಾರವನ್ನೂ ಒಂದು ಒಳಬಾಗಿಲಿನ ಮೇಲೆ ತಂದಿಟ್ಟಿದ್ದೆ.

‘ಬಾಗಿಲು ಬಿರುಕು ಬಿಡ್ತಿದೆ ರೀ’ ಎಂದು ಹೆಂಡತಿ ಕೂಗಿದ್ದು ಕೇಳಿಸಿತು. ಮೊದಲ ಬಾರಿಗೆ ಅವಳ ದನಿಯಲ್ಲಿ ಕ್ಲಿನಿಕ್ಕು ಇರಲಿಲ್ಲ.

‘ಏನಾದ್ರೂ ಅಡ್ಡ ಇಡು. ಭಾರವಾದದ್ದು.’

ಆ ಕಡೆ ಏನೋ ಎಳೆದ ಸದ್ದು. ಅವಳ ಫ್ರಿಜ್ಜು. ಆಮೇಲೆ ಅತ್ತೆಯ ಮಾತು, ‘ಸರಿ ನೀನು, ನಾನು ಕೂರ್ತೀನಿ.’ ಅವರು ಫ್ರಿಜ್ಜಿಗೆ ಬೆನ್ನು ಕೊಟ್ಟು, ಎದುರಿನ ಅಡುಗೆಕಟ್ಟೆಗೆ ಕಾಲು ಕೊಟ್ಟು ನೆಲದ ಮೇಲೆ ಕೂತರು ಅಂತ ನನಗೆ ಆಮೇಲೆ ತಿಳಿಯಿತು. ಅಂದರೆ, ಮಹಾಸಾಗರದ ಮೇಲೆ ಹುಟ್ಟಿ, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನುಂಗುತ್ತಾ ಬಂದ ಆ ಪ್ರಚಂಡ ಮಾರುತದ ಸಮಸ್ತ ಬಲವೂ ಮೊದಲು ತಗಡಿಗೆ, ತಗಡಿನಿಂದ ತೊಲೆಗೆ, ತೊಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ನಮ್ಮತ್ತೆಯ ಬೆನ್ನಿಗೆ ಬಂದು ಅಲ್ಲಿ ನಿಂತಿತು. ಅವರನ್ನು ದಾಟಿ ಹೋಗಲು ಅದಕ್ಕೂ ಧೈರ್ಯ ಬರಲಿಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ, ನಾನು ಅವರ ಅಳಿಯ.

ಈ ಕಡೆ ಮಂಡಳಿ ನನ್ನ ಅಂಗಿಯ ತೋಳು ಹಿಡಿದುಕೊಂಡು ಕೂತಿದ್ದ. ಎಡದ ತೊಲೆ ಒಂದು ಸಲ ಕಾಲು ಜಾರಿತು. ನಾನು ಕೂಗುವ ಮೊದಲೇ ಅವನು ಹೋಗಿ ಅದರ ತುದಿಗೆ ಭುಜ ಕೊಟ್ಟ. ನಾನು ಇನ್ನೊಂದು ಬೆಣೆ ಹೊಡೆದು ಕೂರಿಸುವವರೆಗೂ ಬಿಡಲಿಲ್ಲ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

‘ಭಾವ, ಈಗ ಏನ್ ಮಾಡೋದು?’ ಎಂದ.

ನಾನು ಅವನನ್ನು ನೋಡಿದೆ. ಅವನು ಇನ್ನೊಬ್ಬರನ್ನು ಪ್ರಶ್ನೆ ಕೇಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

‘ಏನೂ ಇಲ್ಲ. ತೊಲೆ ಹಿಡ್ಕೊಂಡು ಕೂತಿರೋದು.’

‘ನನಗೆ ಚಿಕ್ಕಂದಿನಿಂದ ಗಾಳಿ ಅಂದ್ರೆ ಭಯ ಭಾವ. ಅದಕ್ಕೇ ಮಾತಾಡ್ತಾ ಇರ್ತೀನಿ. ಸುಮ್ಮನಿದ್ರೆ ಕೇಳಿಸತ್ತೆ.’

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅವನ ಮೇಲೆ ಕನಿಕರ ಬಂತು. ಅವನ ಬೆನ್ನ ಮೇಲೆ ಕೈಯಿಟ್ಟೆ. ಇಟ್ಟ ಕೈಯನ್ನು ಅವನು ಎರಡೂ ಕೈಯಿಂದ ಹಿಡಿದುಕೊಂಡ, ಆಮೇಲೆ ಬಿಡಲೇ ಇಲ್ಲ. ಆಗ ನನಗೆ ಇದು ಅಪಾಯದ ಸೂಚನೆ ಅಂತ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಗಾಳಿ ತಣ್ಣಗಾಯಿತು. ಬೆಣೆ ಬಿಡಿಸಿದೆವು. ಆ ಕಡೆ ಫ್ರಿಜ್ಜು ಸರಿಯಿತು, ಅತ್ತೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ಸೂರು ಇತ್ತು. ಬಿಸ್ಕತ್ತಿನ ಡಬ್ಬದ ಮುಚ್ಚಳವೂ ಇತ್ತು, ಅಲ್ಲಲ್ಲಿ ನೆಗ್ಗಿತ್ತು, ಅಷ್ಟೇ. ನಾನು ಎದೆಯುಬ್ಬಿಸಿ ಹೊರಗೆ ಬಂದೆ. ಬೀದಿಯ ಒಂದೊಂದು ಗ್ಯಾರೇಜೂ ಬಾಯಿ ತೆರೆದು ನಿಂತಿತ್ತು. ಎದುರು ಮನೆಯ ಗ್ಯಾರೇಜಿನ ಬಾಗಿಲು ಎಲ್ಲಿ ಹೋಯಿತು ಅಂತ ಹುಡುಕಿದೆ. ಅದು ನನ್ನ ಕಾರಿನ ಮೇಲೆ ಮಲಗಿತ್ತು. ಕಾರು ಚಪ್ಪಟೆ. ಪಕ್ಕದಲ್ಲಿದ್ದ ಮಂಡಳಿಯ ಕಾರಿಗೆ ಒಂದು ಗೀರೂ ಇರಲಿಲ್ಲ.

ಅದರಲ್ಲೇ ಕೂತು ಎಲ್ಲರೂ ಅವನ ಮನೆ ನೋಡಲು ಹೋದೆವು. ದಾರಿಯುದ್ದಕ್ಕೂ ನಾನು ಕಾರಿನ ಶೋಕದಲ್ಲಿದ್ದೆ. ಅವನ ಮನೆ ಮುಂದೆ ಇಳಿದಾಗ ಆ ಶೋಕವೂ ಮರೆತುಹೋಯಿತು.

ಎರಡು ಪದರದ ಬಾಗಿಲು ಹಿಂದಿನ ಗೋಡೆಗೆ ಮಡಚಿಕೊಂಡು ಬಿದ್ದಿತ್ತು. ಅಲ್ಲಿಂದ ಒಳಗೆ ಹೋದ ಗಾಳಿ ತಜ್ಞರು ಹೇಳಿದ್ದನ್ನು ಅಕ್ಷರಶಃ ಪಾಲಿಸಿತ್ತು. ಮನೆಗೆ ಸೂರು ಇರಲಿಲ್ಲ. ನಡುಮನೆಯಲ್ಲಿ ನಿಂತರೆ ಆಕಾಶ. ಅತ್ತೆಯ ಕೋಣೆಯಲ್ಲಿ ಅವರ ಮಂಚದ ಮೇಲೆ, ಅವರು ತಲೆಯಿಡುವ ಜಾಗದಲ್ಲೇ, ಸೂರಿನ ತೊಲೆಯೊಂದು ಉದ್ದಕ್ಕೆ ಬಿದ್ದಿತ್ತು. ನಾವು ನಾಲ್ವರೂ ಇಲ್ಲಿಗೇ ಬರಬೇಕಾಗಿತ್ತು. ಹೆಂಡತಿ ಅವಳಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೊನೆಗೆ ಮಂಡಳಿ ನನ್ನ ಕಡೆ ತಿರುಗಿದ. ‘ಭಾವ, ನೀವು ಬೇಕಂತಲೇ ತೊಲೆ ಅಲ್ಲಿ ಹೊಡೆದ್ರಿ ಅಲ್ವಾ? ನಾವು ಹೊರಡಬಾರದು ಅಂತ.’

ನಾನು ಬಾಯಿ ತೆರೆದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ‘ಅದು ಹಾಗಲ್ಲ... ನಡು ಅಲ್ಲಿತ್ತು...’ ಎಂದೆ.

‘ನೋಡಮ್ಮಾ, ಜೀವ ಉಳಿಸಿದ್ದನ್ನೂ ಹೇಳ್ಕೊಳ್ಳಲ್ಲ’ ಎಂದ. ಅತ್ತೆ ಬಂದು, ‘ಅಳಿಯಂದ್ರೇ, ಇಷ್ಟು ದಿನ ನಿಮ್ಮನ್ನ ನಾನು ತಿಳ್ಕೊಳ್ಳಲೇ ಇಲ್ಲ’ ಎಂದು ಕಣ್ಣೊರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡೆ, ಯಾಕೆಂದರೆ ಅಷ್ಟರಲ್ಲಿ ಹೆಂಡತಿ, ‘ಅಮ್ಮ, ಇನ್ನು ಇಬ್ರೂ ನಮ್ಮನೆಯಲ್ಲೇ ಇರಿ’ ಎಂದಾಗಿತ್ತು.

ಯಾವ ಗಾಳಿಯನ್ನು ಹೊರಗಿಡಲು ನಾನು ಅಷ್ಟೆಲ್ಲ ಮರ ಕೊಯ್ದೆನೋ ಅದು ಈಗ ಸೂಟ್‌ಕೇಸು ಹಿಡಿದುಕೊಂಡು ಮುಂಬಾಗಿಲಿನಿಂದಲೇ ಒಳಗೆ ಬಂತು. ಅತ್ತೆಗೆ ನಮ್ಮ ಕೋಣೆ, ಜೊತೆಗೆ ಮಗಳು. ಮಂಡಳಿಗೆ ನಡುಮನೆ ಅಂತ ಏರ್ಪಾಡಾಯಿತು. ಆದರೆ ಪರದೆ ಸ್ವಲ್ಪ ಅಲ್ಲಾಡಿದರೂ ಅವನಿಗೆ ನಿದ್ದೆ ಬರುವುದಿಲ್ಲ. ಮನೆಯಲ್ಲಿ ಗಟ್ಟಿಯಾದ ಜಾಗ ಒಂದೇ ಅಂತ ಅವನೇ ನಿರ್ಣಯ ಹೊರಡಿಸಿ, ಕಂಪನಿಯಿಂದ ಎರಡು ಹಾಸಿಗೆ ತರಿಸಿ ಗ್ಯಾರೇಜಿನ ಟೈಲ್ಸ್ ಮೇಲೆ ಹಾಸಿದ. ಒಂದು ಅವನಿಗೆ. ಇನ್ನೊಂದು ಯಾರಿಗೆ ಅಂತ ನಾನು ಕೇಳಿದ್ದೇ ತಪ್ಪಾಯಿತು. ‘ನೀವು ಪಕ್ಕದಲ್ಲಿದ್ರೆ ನನಗೆ ಧೈರ್ಯ ಭಾವ’ ಎಂದ. ಹೆಂಡತಿ ನನ್ನ ದಿಂಬನ್ನು ಆಗಲೇ ಅಲ್ಲಿ ತಂದು ಇಟ್ಟಿದ್ದಳು. ಅಡುಗೆಮನೆಗೆ ಓಡಾಡಲು ಬರಲಿ ಅಂತ ನಡುವಿನ ತೊಲೆಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿದ್ದಾರೆ. ಎದ್ದಾಗ ಕಣ್ಣು ಬಿಟ್ಟರೆ ಮೊದಲು ಕಾಣುವುದು ಆ ಸೊಟ್ಟ ತೊಲೆ. ಮುಟ್ಟಬಾರದು ಅಂತ ಅತ್ತೆಯ ಆಜ್ಞೆ.

ನಾನು ಅವರಿಬ್ಬರಿಗೆ ಬಾಡಿಗೆ ಮನೆ ಹುಡುಕಲು ಶುರುಮಾಡಿದೆ. ಅಂಗಡಿಗೆ ಬಂದವರನ್ನೆಲ್ಲ ವಿಚಾರಿಸಿದೆ. ಮೊದಲನೆಯ ಮನೆಯನ್ನು ಮಂಡಳಿ ನೋಡಿಕೊಂಡು ಬಂದು ತಲೆಯಾಡಿಸಿದ. ‘ಗ್ಯಾರೇಜಿನ ಬಾಗಿಲಿಗೆ ಬೆರಳಲ್ಲಿ ಬಡಿದು ನೋಡಿದೆ ಭಾವ. ಬಿಸ್ಕತ್ತಿನ ಡಬ್ಬ. ನೀವು ಒಪ್ಪಲ್ಲ ಅಂತ ನಾನೇ ಬೇಡ ಅಂದೆ.’ ಎರಡನೆಯದರ ಬಾಗಿಲು ಅಗಲ ಜಾಸ್ತಿ. ಮೂರನೆಯದಕ್ಕೆ ತೊಲೆ ಒರಗಿಸಲು ಎದುರಿಗೆ ಗೋಡೆಯೇ ಇಲ್ಲ. ನನ್ನ ಸಿದ್ಧಾಂತವನ್ನೆಲ್ಲ ಅವನು ನನಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದ.

ಕೊನೆಗೆ ನನಗೊಂದು ಅದ್ಭುತ ಉಪಾಯ ಹೊಳೆಯಿತು. ನಿನ್ನೆ ಅಂಗಡಿ ಬೇಗ ಮುಚ್ಚಿ, ನಾಲ್ಕು ಬೀದಿ ಸುತ್ತಿ, ಗ್ಯಾರೇಜೇ ಇಲ್ಲದ ಮನೆ ಒಂದನ್ನು ಹುಡುಕಿದೆ. ಗಟ್ಟಿ ಗೋಡೆ, ಚಿಕ್ಕ ಕಿಟಕಿ, ತಾಯಿ ಮಗನಿಗೆ ಹೇಳಿ ಮಾಡಿಸಿದ ಹಾಗಿತ್ತು. ಓಡಿಕೊಂಡು ಮನೆಗೆ ಬಂದೆ. ಎಲ್ಲರೂ ಊಟಕ್ಕೆ ಕೂತಿದ್ದರು.

‘ಮನೆ ಸಿಕ್ತು. ಗ್ಯಾರೇಜೇ ಇಲ್ಲ. ಬಾಗಿಲು ಮುರಿಯೋ ಪ್ರಶ್ನೆಯೇ ಇಲ್ಲ’ ಎಂದೆ, ಏದುಸಿರು ಬಿಡುತ್ತಾ.

ಮಂಡಳಿ ಕೈಯ ತುತ್ತನ್ನು ತಟ್ಟೆಗೆ ಇಳಿಸಿದ. ನನ್ನ ಮುಖವನ್ನು ಬಹಳ ಪ್ರೀತಿಯಿಂದ ನೋಡಿದ.

‘ಗ್ಯಾರೇಜಿಲ್ದಿದ್ರೆ ನಾವಿಬ್ರು ಮಲಗೋದು ಎಲ್ಲಿ ಭಾವ?’ ಎಂದ.